ಡೇಟಾ ಕೊಳ್ಳುವ ಮುಂಚೆ ಮೂಲಪತ್ರ ಕೇಳಿ!

ಬೆಂಗಳೂರಿನಲ್ಲಿ ಮೂವತ್ತು ನಲವತ್ತರ ಒಂದು ಸೈಟು ಕೊಳ್ಳಲು ಹೊರಟವನು ಎಷ್ಟು ಹುಷಾರಾಗಿರುತ್ತಾನೆ ನೋಡಿ. ಮೂಲಪತ್ರ ಎಲ್ಲಿ ಎನ್ನುತ್ತಾನೆ. ಇಸಿ ತೆಗೆಸುತ್ತಾನೆ. ಎ ಖಾತೆಯೋ ಬಿ ಖಾತೆಯೋ ಎಂದು ಕೇಳುತ್ತಾನೆ. ಮಾರುವವನ ಅಣ್ಣತಮ್ಮಂದಿರು, ಅಕ್ಕತಂಗಿಯರು ಸಹಿ ಹಾಕಿದ್ದಾರಾ ಎಂದು ವಿಚಾರಿಸುತ್ತಾನೆ. ಬರೀ ಜಿಪಿಎ ನಂಬಿ ಸೈಟು ಕೊಂಡು ಕೋರ್ಟು ಅಲೆದವರ ಕಥೆ ಈ ಊರಿನ ಬೀದಿಬೀದಿಯಲ್ಲೂ ಇದೆ. ಪೆಟ್ಟು ತಿಂದು ಕಲಿತ ಬುದ್ಧಿ ಅದು.

ಅದೇ ಮನುಷ್ಯ, ಅದೇ ಊರಿನಲ್ಲಿ, ತನ್ನ ಹೊಸ ಕಂಪನಿಗೆ ಡೇಟಾ ಕೊಳ್ಳುವಾಗ ಕೇಳುವುದು ಎರಡೇ ಪ್ರಶ್ನೆ: 'ಎಷ್ಟು ನಂಬರ್ ಇದೆ? ರೇಟ್ ಎಷ್ಟು?' ಮುಗಿಯಿತು! ಯಾರ ಹೆಸರು, ಯಾರ ನಂಬರು, ಯಾರು ಕೊಟ್ಟರು, ಯಾತಕ್ಕೆ ಕೊಟ್ಟರು, ಮಾರುವವನಿಗೆ ಮಾರುವ ಹಕ್ಕು ಎಲ್ಲಿಂದ ಬಂತು, ಒಂದು ಮಾತೂ ಇಲ್ಲ. ಎದುರಿಗೆ ಮೂವತ್ತು ಪುಟದ ಇಂಗ್ಲಿಷ್ ಕರಾರು. ಕೊನೆಯ ಪುಟ ತಿರುಗಿಸಿ ಗುದ್ದು ಸಹಿ!

ಕನ್ನಡದ ಯುವಕರೇ, ಯುವತಿಯರೇ, ಇದನ್ನು ನಿಮಗಾಗಿಯೇ ಬರೆಯುತ್ತಿದ್ದೇವೆ. ರಾಜಾಜಿನಗರದಲ್ಲಿ ಕೋಚಿಂಗ್ ಸೆಂಟರ್ ತೆರೆದವರು, ಹುಬ್ಬಳ್ಳಿಯಲ್ಲಿ ಸಾಲದ ಏಜೆನ್ಸಿ ಹಿಡಿದವರು, ಮೈಸೂರಿನಲ್ಲಿ ನಾಲ್ಕು ಜನ ಗೆಳೆಯರು ಸೇರಿ ಆ್ಯಪ್ ಮಾಡಿದವರು. ಕೆಲಸ ಕೊಡಿ ಎಂದು ಬೇಡುವ ಬದಲು ಕೆಲಸ ಕೊಡುವವರಾಗಿದ್ದೀರಿ, ಶಹಬ್ಬಾಸ್! ಆದರೆ ನಿಮ್ಮ ಅಂಗಡಿಯ ಅಡಿಪಾಯದಲ್ಲಿ ಬೇರೆಯವರು ತಂದು ಸುರಿದ ಮರಳಿದೆ. ಅದು ಎಲ್ಲಿಂದ ಬಂದ ಮರಳು ಎಂದು ಎಂದಾದರೂ ಕೇಳಿದಿರಾ?

ಕದ್ದ ಮಾಲು ಕೊಂಡವನೂ ಒಳಗೆ

ನಮ್ಮಲ್ಲಿ ಎಷ್ಟೋ ಮಂದಿಗೆ ಒಂದು ಭ್ರಮೆ ಇದೆ. ಕದ್ದವನು ದಲ್ಲಾಳಿ, ನಾನು ದುಡ್ಡು ಕೊಟ್ಟು ಕೊಂಡವನು, ನನಗೇನು ಎಂಬ ಭ್ರಮೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಬಿ ಕಲಮು ಓದಿ. ಕದ್ದ ಕಂಪ್ಯೂಟರ್ ಸಂಪನ್ಮೂಲವನ್ನು, ಕದ್ದದ್ದು ಎಂದು ಗೊತ್ತಿದ್ದೋ ಗೊತ್ತಾಗಲು ಕಾರಣವಿದ್ದೋ, ಅಪ್ರಾಮಾಣಿಕವಾಗಿ ಪಡೆದವನಿಗೆ ಮೂರು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕಂಪ್ಯೂಟರ್ ಸಂಪನ್ಮೂಲ ಎಂದರೆ ಪೆಟ್ಟಿಗೆ, ಕೀಬೋರ್ಡು ಮಾತ್ರ ಎಂದುಕೊಂಡಿರಾ? ಅದೇ ಕಾಯಿದೆಯ ವ್ಯಾಖ್ಯಾನದಲ್ಲಿ ಡೇಟಾ ಕೂಡ ಸೇರಿದೆ, ಡೇಟಾಬೇಸ್ ಕೂಡ ಸೇರಿದೆ. ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಗಿರಾಕಿಗಳ ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಪುಡಿಗಾಸಿಗೆ ಸಿಕ್ಕಿತು ಎಂದರೆ, ಅದು ಬ್ಯಾಂಕು ಹರಕೆ ಹೊತ್ತು ಹಂಚಿದ್ದಲ್ಲ ಎಂದು ತಿಳಿಯಲು ವಕೀಲಿ ಓದಬೇಕೇ?

ಪಕ್ಕದ ಹೈದರಾಬಾದಿನ ಸೈಬರಾಬಾದ್ ಪೊಲೀಸರು 2023ರಲ್ಲಿ ಒಂದು ಜಾಲ ಹಿಡಿದರು. 24 ರಾಜ್ಯ, 8 ಮಹಾನಗರಗಳ 66.9 ಕೋಟಿ ಜನ ಮತ್ತು ಸಂಸ್ಥೆಗಳ ಮಾಹಿತಿ ಆರೋಪಿಯ ಬಳಿ ಮಾರಾಟಕ್ಕಿತ್ತು ಎಂದು ಅವರೇ ಹೇಳಿದರು. ಅರವತ್ತಾರು ಕೋಟಿ! ಇಷ್ಟು ದೊಡ್ಡ ಸಂತೆ ನಡೆಯಬೇಕಾದರೆ ಕೊಳ್ಳುವವರು ಎಷ್ಟಿರಬೇಕು? ಕೊಂಡವರೆಲ್ಲ ಅಂಡರ್‌ವರ್ಲ್ಡ್ ಮಂದಿಯೇ? ಕೋಟು ಹಾಕಿಕೊಂಡು ಮೀಟಿಂಗು ಮಾಡುವ 'ಮಾರ್ಕೆಟಿಂಗ್ ಟೀಮು'ಗಳೇ ಇಂಥ ಸಂತೆಯ ಗಿರಾಕಿಗಳು.

ಪಿಯುಸಿ ಫಲಿತಾಂಶ ಬಂದ ವಾರ ತಂದೆತಾಯಿಗಳ ಫೋನು ಸುಮ್ಮನಿರುತ್ತದೆಯೇ? 'ನಿಮ್ಮ ಮಗಳಿಗೆ ಸೀಟು ಬೇಕಾ ಸಾರ್' ಎಂದು ಬೆಳಿಗ್ಗೆಯಿಂದ ರಾತ್ರಿವರೆಗೆ ಕರೆ. ಅದೂ ಹಿಂದಿಯಲ್ಲಿ, ಇಲ್ಲವೇ ಹರಕು ಇಂಗ್ಲಿಷಿನಲ್ಲಿ! ಮಗಳ ಹೆಸರು, ಅವಳು ಓದಿದ ವಿಷಯ, ಅಪ್ಪನ ನಂಬರು ಆ ಪುಣ್ಯಾತ್ಮನಿಗೆ ಹೇಗೆ ಸಿಕ್ಕಿತು? ಯಾವುದೋ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸರಿದು, ಪಟ್ಟಿಯಾಗಿ, ಪಟ್ಟಿ ಮಾಲಾಗಿ, ಮಾಲು ನಿಮ್ಮಂಥ ಕೋಚಿಂಗ್ ಸೆಂಟರಿನ ಲ್ಯಾಪ್‌ಟಾಪಿಗೆ ಬಂದು ಬಿದ್ದಿದೆ. ಟ್ರಾಯ್‌ನ 2018ರ ನಿಯಮಾವಳಿ ಇಂಥ ವ್ಯಾಪಾರದ ಕರೆ, ಸಂದೇಶಗಳಿಗೆ ಗಿರಾಕಿಯ ಒಪ್ಪಿಗೆಯನ್ನೂ ನೋಂದಣಿಯನ್ನೂ ಕೇಳುತ್ತದೆ. 1909ಕ್ಕೆ ದೂರು ಹೋದರೆ ಮೊದಲು ಸಾಯುವುದು ನಿಮ್ಮ ಕನೆಕ್ಷನ್ನೇ ಹೊರತು ಪಟ್ಟಿ ಮಾರಿದವನದ್ದಲ್ಲ. ಇನ್ನು ಆ ಮಗಳಿಗೆ ಹದಿನೆಂಟು ತುಂಬಿಲ್ಲವಾದರೆ? ಅದಕ್ಕೆ ಬರುತ್ತೇವೆ.

ಹೊಸ ಕಾಯಿದೆ ಯಾರ ಕೊರಳಿಗೆ ಗಂಟೆ ಕಟ್ಟಿದೆ?

ಮೊದಲು ಒಂದು ಹೆಮ್ಮೆಯ ಮಾತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತಲ್ಲ, ಆ ಮೊಕದ್ದಮೆಯ ಅರ್ಜಿದಾರರು ಯಾರು? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ವಿರುದ್ಧ ಕೋರ್ಟಿಗೆ ಹೋದ ಹಿರಿಯರು. ಇಡೀ ದೇಶದ ಜನಕ್ಕೆ ಸಿಕ್ಕ ಹಕ್ಕಿನ ಮೇಲೆ ಒಬ್ಬ ಕನ್ನಡನಾಡಿನ ನ್ಯಾಯಾಧೀಶರ ಹೆಸರಿದೆ. ಆ ತೀರ್ಪಿನ ಹಿಂದೆಯೇ ಕೂಗೆದ್ದು, ಎಳೆದಾಡಿ, ತಿದ್ದಿ, 2023ರ ಆಗಸ್ಟ್‌ನಲ್ಲಿ ಬಂದದ್ದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು.

ಈ ಕಾಯಿದೆಯಲ್ಲಿ 'ಡೇಟಾ ಫಿಡ್ಯೂಷಿಯರಿ' ಎಂಬ ಪ್ರಾಣಿ ಬರುತ್ತದೆ. ಹೆಸರು ಕೇಳಿ ಹೆದರಬೇಡಿ. ಒಬ್ಬರ ಮಾಹಿತಿಯನ್ನು ಯಾವ ಉದ್ದೇಶಕ್ಕೆ, ಯಾವ ರೀತಿ ಬಳಸಬೇಕು ಎಂದು ತೀರ್ಮಾನಿಸುವವನೇ ಆತ. ಪಟ್ಟಿ ಕೊಂಡು, ಯಾರಿಗೆ ಫೋನು ಮಾಡಬೇಕು ಎಂದು ನಿರ್ಧರಿಸುವವರು ಯಾರು? ನೀವು! ಅಂದರೆ ಆ ಪ್ರಾಣಿ ನೀವೇ. 8ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ: ಕರಾರಿನಲ್ಲಿ ಏನೇ ಬರೆದುಕೊಂಡಿರಲಿ, ಕಾಯಿದೆ ಪಾಲಿಸುವ ಹೊಣೆ ಫಿಡ್ಯೂಷಿಯರಿಯದ್ದೇ. ನಿಮ್ಮ ಪರವಾಗಿ ಮೂರನೆಯವನು ಮಾಡಿದ ಕೆಲಸಕ್ಕೂ ನೀವೇ ಹೊಣೆ. 'ಸ್ವಾಮಿ, ವೆಂಡರ್ ನಂಗೆ ಮೋಸ ಮಾಡ್ಬಿಟ್ಟ' ಎಂದು ಮಂಡಳಿಯ ಮುಂದೆ ಅತ್ತರೆ ಕರವಸ್ತ್ರ ಕೊಡುವವರಿಲ್ಲ. ಅಷ್ಟೇ ಅಲ್ಲ, 6ನೇ ಕಲಮಿನ ಪ್ರಕಾರ ನೋಟಿಸು ಕೊಟ್ಟಿದ್ದೇವೆ, ಒಪ್ಪಿಗೆ ಪಡೆದಿದ್ದೇವೆ ಎಂದು ಸಾಬೀತು ಮಾಡುವ ಭಾರವೂ ಫಿಡ್ಯೂಷಿಯರಿಯ ಹೆಗಲ ಮೇಲೆಯೇ. ದೂರು ಕೊಟ್ಟವನು ಏನೂ ತೋರಿಸಬೇಕಿಲ್ಲ. ನೀವು ತೋರಿಸಬೇಕು.

ದಂಡದ ಮೊತ್ತ ಕೇಳಿ. ಮಾಹಿತಿಗೆ ತಕ್ಕ ಭದ್ರತೆ ಕೊಡದಿದ್ದರೆ 250 ಕೋಟಿವರೆಗೆ. ಮಕ್ಕಳ ವಿಷಯದಲ್ಲಿ ತಪ್ಪಿದರೆ 200 ಕೋಟಿವರೆಗೆ. ಮಕ್ಕಳು ಎಂದರೆ ಹದಿನೆಂಟು ತುಂಬದವರೆಲ್ಲ, ಅವರ ಮಾಹಿತಿಗೆ ಹೆತ್ತವರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು, ಅವರ ಮೇಲೆ ಗುರಿಯಿಟ್ಟ ಜಾಹೀರಾತು ಹರಿಸುವಂತಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಪಟ್ಟಿ ಕೊಳ್ಳುವವರು ಈ ಸಾಲನ್ನು ಗೋಡೆಗೆ ಅಂಟಿಸಿಕೊಳ್ಳಲಿ. ಉಳಿದ ಬಗೆಯ ಉಲ್ಲಂಘನೆಗಳಿಗೆ 50 ಕೋಟಿವರೆಗೆ. ಇದೆಲ್ಲ ಗರಿಷ್ಠ ಮಿತಿ, ಪ್ರತಿಯೊಬ್ಬರಿಗೂ ಇಷ್ಟೇ ಬೀಳುತ್ತದೆ ಎಂದಲ್ಲ. ಆದರೂ ಬಾಡಿಗೆ ಕಟ್ಟಲು ಒದ್ದಾಡುವ ನಮ್ಮ ಹುಡುಗರಿಗೆ ಅದರ ನೂರರಲ್ಲಿ ಒಂದು ಪಾಲು ಬಿದ್ದರೂ ಅಂಗಡಿ ಬಾಗಿಲು ಮುಚ್ಚಿತು. ಇಲ್ಲೊಂದು ವಿಚಿತ್ರ ನೋಡಿ: ಈ ದಂಡದಲ್ಲಿ ಒಂದು ಬಿಡಿಗಾಸೂ ಮಾಹಿತಿ ಕಳೆದುಕೊಂಡ ಬಡಪಾಯಿಗೆ ಹೋಗುವುದಿಲ್ಲ, ಎಲ್ಲವೂ ಭಾರತದ ಸಂಚಿತ ನಿಧಿಗೆ. ಹಳೆಯ ಐಟಿ ಕಾಯಿದೆಯ 43ಎ ಕಲಮಿನಲ್ಲಿ ನೊಂದವರಿಗೆ ಪರಿಹಾರ ಕೇಳುವ ದಾರಿ ಇದೆ. ಹೊಸ ಕಾಯಿದೆ ಅದನ್ನೇ ಕಿತ್ತುಹಾಕಲು ಹೊರಟಿದೆ. ದಿಲ್ಲಿಯ ಮಹಾಶಯರ ಉದಾರತೆಗೆ ಏನು ಹೇಳೋಣ!

ಈಗ ಮುಖ್ಯ ಮಾತು: ಕನ್ನಡದಲ್ಲಿ ಕೇಳಿದ್ದೀರಾ?

ಇದೇ ಕಾಯಿದೆಯೊಳಗೆ, ಯಾರೂ ಢಂಗುರ ಹೊಡೆಯದ ಒಂದು ಮೂಲೆಯಲ್ಲಿ, ನಮಗೆ ಒಂದು ಆಯುಧ ಕೂತಿದೆ. 5ನೇ ಕಲಮಿನ 3ನೇ ಉಪಕಲಮು. ಮಾಹಿತಿ ಕೇಳುವ ಮುಂಚೆ ಕೊಡುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಆ ವ್ಯಕ್ತಿಗೆ ಕೊಡಬೇಕು. 6ನೇ ಕಲಮಿನ 3ನೇ ಉಪಕಲಮು ಒಪ್ಪಿಗೆ ಕೇಳುವ ಕೋರಿಕೆಗೂ ಅದೇ ಮಾತು ಹೇಳುತ್ತದೆ, ಅದೂ ಸರಳ, ಸ್ಪಷ್ಟ ಭಾಷೆಯಲ್ಲಿ. ಎಂಟನೇ ಅನುಸೂಚಿಯಲ್ಲಿ 22 ಭಾಷೆಗಳಿವೆ. ಕನ್ನಡ ಯಾರದೋ ಕೃಪೆಯಿಂದ ಆಮೇಲೆ ಸೇರಿದ್ದಲ್ಲ, ಸಂವಿಧಾನ ಬಂದ ದಿನದಿಂದ ಅಲ್ಲಿದೆ.

ಅಂದರೆ ಏನು? ಹಾಸನದ ಪಕ್ಕದ ಹಳ್ಳಿಯ ಒಬ್ಬ ತಾಯಿ ಚಿನ್ನ ಅಡವಿಡಲೋ, ಸಾಲ ಕೇಳಲೋ ಒಂದು ಆ್ಯಪ್ ಇಳಿಸಿಕೊಂಡಳು. ಇಂಗ್ಲಿಷಿನಲ್ಲಿ ಹತ್ತು ಪುಟ, ಕೆಳಗೆ ಒಂದು ಹಸಿರು ಗುಂಡಿ. ಕನ್ನಡದ ಗುಂಡಿ ಎಲ್ಲೂ ಇಲ್ಲ. ಅವಳು ಹಸಿರು ಗುಂಡಿ ಒತ್ತಿದಳು. ಅಲ್ಲಿಗೆ ಅವಳ ಹೆಸರು, ನಂಬರು, ಊರು, ಸಾಲದ ಮೊತ್ತ ಎಲ್ಲ 'ಒಪ್ಪಿಗೆ ಪಡೆದ ಡೇಟಾ' ಆಗಿ ಗುರುಗ್ರಾಮದ ಯಾವುದೋ ವೆಂಡರ್ ಕೈಗೆ ಹೋಗಿ, ಅಲ್ಲಿಂದ ನಿಮಗೆ ಲೈಸೆನ್ಸ್ ಆಗಿ ಬಂತು. ಕಾಯಿದೆ ಕೇಳುವುದು ಸ್ವತಂತ್ರ, ನಿರ್ದಿಷ್ಟ, ತಿಳಿದು ಕೊಟ್ಟ, ಷರತ್ತಿಲ್ಲದ, ಗೊಂದಲವಿಲ್ಲದ ಒಪ್ಪಿಗೆ. ಆ ತಾಯಿ ಏನು ತಿಳಿದು ಕೊಟ್ಟಳು? 'ನಮ್ಮ ಪಾಲುದಾರರೊಂದಿಗೆ ಹಂಚಿಕೊಳ್ಳಬಹುದು' ಎಂಬ ಇಂಗ್ಲಿಷ್ ಸಾಲಿನಲ್ಲಿ ನಿಮ್ಮ ಕಂಪನಿಯ ಹೆಸರಿತ್ತೇ, ನಿಮ್ಮ ಉದ್ದೇಶ ಇತ್ತೇ? ನಿಮ್ಮ ಕೈಯಲ್ಲಿರುವುದು ಬಿ ಖಾತೆಯೂ ಅಲ್ಲದ, ಬರೀ ಜಿಪಿಎ ಮೇಲಿನ ಸೈಟು!

ಇಲ್ಲಿ ಇಂಗ್ಲಿಷ್ ಪಂಡಿತರು ಒಂದು ಕಿತಾಪತಿ ಮಾಡುತ್ತಾರೆ. 'ಇಂಗ್ಲಿಷ್ ಅಥವಾ' ಎಂದಿದೆಯಲ್ಲ, ಇಂಗ್ಲಿಷ್ ಕೊಟ್ಟರೆ ಸಾಕಲ್ಲ ಎನ್ನುತ್ತಾರೆ. ಸ್ವಾಮಿ, ಆಯ್ಕೆ ಯಾರದ್ದು ಎಂದು ಇನ್ನೊಂದು ಸಲ ಓದಿ. ಆಯ್ಕೆಯನ್ನು ಕೊಡಬೇಕಾದ್ದು ಮಾಹಿತಿಯ ಒಡೆಯನಿಗೆ, ಕಂಪನಿಗಲ್ಲ. ಹೋಟೆಲಿನವನು ಗಿರಾಕಿಗೆ 'ಕಾಫಿ ಅಥವಾ ಟೀ ನಿಮ್ಮ ಆಯ್ಕೆ' ಎಂದು ಬೋರ್ಡು ಹಾಕಿ, ಟೀ ಮಾಡದೇ ಕೂತರೆ ಅದು ಆಯ್ಕೆಯೇ? ಇನ್ನು ಕೆಲವರದು ಹಳೇ ರಾಗ: ಕನ್ನಡ ಹಾಕಲು ಸಾಫ್ಟ್‌ವೇರಿಗೆ ಕಷ್ಟ. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡ ಲಿಪಿ ಸೇರಿದೆ. ಕಷ್ಟ ಇರುವುದು ಸಾಫ್ಟ್‌ವೇರಿಗಲ್ಲ, ಮನಸ್ಸಿಗೆ.

'ಇನ್ನೂ ಟೈಮ್ ಇದೆ ಬಿಡಿ ಗುರು' ಎನ್ನುವವರಿಗೂ ಒಂದು ಮಾತು. ಹೌದು, ಈ ಕಲಮುಗಳಿಗೆ ನಿಯಮ ಪ್ರಕಟವಾದ ದಿನದಿಂದ 18 ತಿಂಗಳ ಗಡುವು, ಅಂದರೆ 2027ರ ಮೇ. ಆದರೆ ಇಂದು ಕೊಂಡ ಪಟ್ಟಿಯನ್ನು ಅಂದು ಸುಟ್ಟುಹಾಕುತ್ತೀರಾ? ಕಾಯಿದೆ ಜಾರಿಗೆ ಮುಂಚೆ ಪಡೆದ ಒಪ್ಪಿಗೆಯಾದರೂ, ಜಾರಿಯಾದ ಮೇಲೆ ಆದಷ್ಟು ಬೇಗ ಆ ಜನಕ್ಕೆಲ್ಲ ನೋಟಿಸು ಕೊಡಬೇಕು ಎಂದು 5ನೇ ಕಲಮೇ ಹೇಳುತ್ತದೆ. ಆ ತಾಯಿಯ ಬಳಿಗೆ ಹೋಗಿ 'ನಿಮ್ಮ ಮಾಹಿತಿ ನಮ್ಮ ಬಳಿ ಇದೆ' ಎಂದು ಹೇಳುವ ಧೈರ್ಯ ನಿಮಗಿದೆಯೇ? ಅವಳು ಬೇಡ ಎಂದರೆ ನೀವೂ ನಿಲ್ಲಿಸಬೇಕು, ನಿಮ್ಮ ಪರವಾಗಿ ಅದನ್ನು ಬಳಸುವವರನ್ನೂ ನಿಲ್ಲಿಸಬೇಕು. ವೆಂಡರ್ ಬಳಿ ಯಾರಾದರೂ ಒಪ್ಪಿಗೆ ಹಿಂತೆಗೆದುಕೊಂಡರೆ ಅದನ್ನು ನಿಮಗೆ ತಿಳಿಸುವ ಏರ್ಪಾಡು ಕರಾರಿನಲ್ಲಿ ಇದೆಯೇ ನೋಡಿ. ಇರುವುದಿಲ್ಲ. ಬರೆಸಿ.

ಸರ್ಕಾರವೇ ಮಾರಿದರೂ ಭದ್ರವಲ್ಲ

ಕಳ್ಳ ಪಟ್ಟಿ ಬೇಡ, ಸರ್ಕಾರದಿಂದಲೇ ಕೊಳ್ಳುತ್ತೇವೆ ಎನ್ನುತ್ತೀರಾ? ಆ ಕಥೆಯೂ ನಡೆದುಹೋಗಿದೆ. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2019ರಲ್ಲಿ ವಾಹನ್, ಸಾರಥಿ ದಾಖಲೆಗಳನ್ನು ಸಗಟಾಗಿ ಮಾರುವ ನೀತಿ ತಂದಿತು. ವಾಹನ ನೋಂದಣಿ, ಚಾಲನಾ ಪರವಾನಗಿಯ ಮಾಹಿತಿ. ವ್ಯಾಪಾರಿ ಸಂಸ್ಥೆಗಳಿಗೆ ವರ್ಷಕ್ಕೆ 3 ಕೋಟಿ ರೂಪಾಯಿ ದರ, ವಿದ್ಯಾಸಂಸ್ಥೆಗಳಿಗೆ 5 ಲಕ್ಷ. ಆ ವರ್ಷದ ಜುಲೈನಲ್ಲಿ ಸಚಿವ ನಿತಿನ್ ಗಡ್ಕರಿ ಸಂಸತ್ತಿಗೆ ಕೊಟ್ಟ ಉತ್ತರದಂತೆ 87 ಖಾಸಗಿ ಕಂಪನಿಗಳಿಗೆ, 32 ಸರ್ಕಾರಿ ಸಂಸ್ಥೆಗಳಿಗೆ ಈ ದಾಖಲೆಗಳ ಪ್ರವೇಶ ಸಿಕ್ಕಿತ್ತು. ಖಜಾನೆಗೆ ಬಂದದ್ದು ಸುಮಾರು 65 ಕೋಟಿ. ಜಯನಗರದ ಆರ್‌ಟಿಓದಲ್ಲಿ ಸರದಿ ನಿಂತು ಎಲ್ಎಲ್ ಮಾಡಿಸಿದ ನಿಮ್ಮನ್ನು ಯಾರಾದರೂ 'ಮಾರಬಹುದಾ' ಎಂದು ಕೇಳಿದರೇ? ಹೆಸರು ತೆಗೆದು ಕೊಟ್ಟರೂ ಬೇರೆ ಪಟ್ಟಿಗಳ ಜೊತೆ ತಾಳೆ ಹಾಕಿ ವ್ಯಕ್ತಿಯನ್ನು ಗುರುತಿಸಬಹುದು ಎಂಬ ಅಪಾಯ ಆ ನೀತಿ ಬರೆದವರಿಗೇ ಗೊತ್ತಿತ್ತು. ಗಲಾಟೆಯಾಯಿತು. 2020ರ ಜೂನ್‌ನಲ್ಲಿ ನೀತಿಯನ್ನೇ ವಾಪಸು ಪಡೆದರು.

ಕೊಳ್ಳುವವರ ಕಣ್ಣಿನಿಂದ ಇದನ್ನು ನೋಡಿ. ಕೋಟಿ ಸುರಿದು, ಅದರ ಮೇಲೆ ಉತ್ಪನ್ನ ಕಟ್ಟಿ, ಗಿರಾಕಿಗಳಿಗೆ ಮಾತು ಕೊಟ್ಟಿದ್ದೀರಿ. ಒಂದು ಆದೇಶ, ನಲ್ಲಿ ಬಂದ್! ಆಮೇಲೆ ಈಗಾಗಲೇ ಇಳಿಸಿಕೊಂಡ ಡೇಟಾ ಇಟ್ಟುಕೊಳ್ಳಬಹುದೋ ಅಳಿಸಬೇಕೋ, ಕಟ್ಟಿದ ದುಡ್ಡು ವಾಪಸೋ ಇಲ್ಲವೋ, ಅದರಿಂದ ತೆಗೆದ ಲೆಕ್ಕಾಚಾರ ಯಾರದ್ದು? ಈ ಮೂರು ಪ್ರಶ್ನೆಗೆ ಕರಾರಿನಲ್ಲಿ ಉತ್ತರವಿಲ್ಲದಿದ್ದರೆ ಜಗಳ ಕಟ್ಟಿಟ್ಟ ಬುತ್ತಿ.

ನಮ್ಮ ಬೆಂಗಳೂರಿನಲ್ಲೇ 2022ರ ನವೆಂಬರ್‌ನಲ್ಲಿ ಎದ್ದ ಗದ್ದಲ ನೆನಪಿದೆಯೇ? ಮತದಾರರ ಜಾಗೃತಿ ಎಂದು ಆಗಿನ ಬಿಬಿಎಂಪಿಯಿಂದ ಅನುಮತಿ ಪಡೆದ ಒಂದು ಸಂಸ್ಥೆಯವರು ಮನೆಮನೆಗೆ ಹೋಗಿ ಮತದಾರರ ಮಾಹಿತಿ ಸಂಗ್ರಹಿಸಿದರು, ಮತಗಟ್ಟೆ ಅಧಿಕಾರಿಗಳ ಗುರುತಿನ ಚೀಟಿ ಹಾಕಿಕೊಂಡೇ ಹೋದರು ಎಂಬ ಆರೋಪ. ಅನುಮತಿ ರದ್ದಾಯಿತು, ಪೊಲೀಸ್ ಕೇಸಾಯಿತು. ಬಾಗಿಲಿಗೆ ಬಂದವನ ಕೊರಳಲ್ಲಿ ಬ್ಯಾಡ್ಜ್ ಕಂಡರೆ ನಮ್ಮ ಜನ ಮಾಹಿತಿ ಕೊಡುತ್ತಾರೆ. ಆ ನಂಬಿಕೆಯನ್ನು ಎತ್ತಿ ಎಕ್ಸೆಲ್ ಶೀಟಿಗೆ ಹಾಕಿದರೆ ಅದು ಮಾಲಾಗಿ ಬಿಡುತ್ತದೆಯೇ?

ಅವನದ್ದಲ್ಲದ್ದನ್ನು ಅವನು ಹೇಗೆ ಮಾರುತ್ತಾನೆ?

ಜನರ ಹೆಸರಿಲ್ಲದ ಡೇಟಾವೂ ಉಂಟು. ನಕ್ಷೆ, ಬೆಲೆ, ತೀರ್ಪು, ಪಿನ್‌ಕೋಡ್. ಅಲ್ಲಿ ಪ್ರಶ್ನೆ ಬೇರೆ: ಒಡೆತನ ಯಾರದ್ದು? ಅಮೆರಿಕದ ಕ್ಯಾನ್ಸಸ್ ರಾಜ್ಯದ ರೂರಲ್ ಎಂಬ ಟೆಲಿಫೋನ್ ಕಂಪನಿ ತನ್ನ ಡೈರೆಕ್ಟರಿ ನಮ್ಮದೇ ಆಸ್ತಿ ಎಂದು ಕೂತಿತ್ತು. ಫೈಸ್ಟ್ ಎಂಬ ಇನ್ನೊಂದು ಕಂಪನಿ ಅದನ್ನು ಇಳಿಸಿಕೊಂಡಿತು. ಕಳ್ಳನನ್ನು ಹಿಡಿಯಲೆಂದೇ ರೂರಲ್‌ನವರು ಡೈರೆಕ್ಟರಿಯಲ್ಲಿ ಸುಳ್ಳು ಹೆಸರು ಸೇರಿಸಿದ್ದರು, ಅದರಲ್ಲಿ ನಾಲ್ಕು ಫೈಸ್ಟ್‌ನ ಪುಸ್ತಕದಲ್ಲೂ ಬಂದವು! ಸಿಕ್ಕಿಬಿದ್ದರೂ ಗೆದ್ದದ್ದು ಫೈಸ್ಟೇ. 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು: ಹೆಸರು, ಊರು, ನಂಬರು ಬರೀ ಸಂಗತಿಗಳು, ಬೆವರು ಸುರಿಸಿ ಕೂಡಿಹಾಕಿದ ಮಾತ್ರಕ್ಕೆ ಕಾಪಿರೈಟ್ ಬರುವುದಿಲ್ಲ.

ನಮ್ಮ ಕಾಪಿರೈಟ್ ಕಾಯಿದೆ ಡೇಟಾಬೇಸನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿದೆ, ನಿಜ. ಆದರೆ 2007ರ ಡಿಸೆಂಬರ್‌ನಲ್ಲಿ ಈಸ್ಟರ್ನ್ ಬುಕ್ ಕಂಪನಿ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟೂ ಬರೀ ದುಡ್ಡು, ದುಡಿಮೆ ಸಾಲದು ಎಂದಿತು. ತೀರ್ಪುಗಳ ಮೂಲ ಪಠ್ಯ ಎಲ್ಲರದ್ದು. ಸಂಪಾದಕರು ಬುದ್ಧಿ ಖರ್ಚು ಮಾಡಿ ಮಾಡಿದ ಪ್ಯಾರಾ ವಿಂಗಡಣೆಯಂಥದ್ದಕ್ಕೆ ಮಾತ್ರ ರಕ್ಷಣೆ. ಆದ್ದರಿಂದ ವೆಂಡರ್ ಯಾವುದಕ್ಕೆ ದುಡ್ಡು ಕೇಳುತ್ತಿದ್ದಾನೆ ಎಂದು ನೋಡಿ. ಸರ್ಕಾರಿ ವೆಬ್‌ಸೈಟಿನಲ್ಲಿ ಪುಕ್ಕಟೆ ಇರುವುದನ್ನು ಇಳಿಸಿ ಬಣ್ಣ ಬಳಿದು ಮಾರುವವರು ಬೇಕಾದಷ್ಟಿದ್ದಾರೆ. ಆದರೆ ಜಾಗ್ರತೆ! ಕಾಪಿರೈಟ್ ಇಲ್ಲದಿದ್ದರೂ ನೀವು ಕರಾರಿಗೆ ಸಹಿ ಹಾಕಿದ್ದರೆ ಕರಾರು ನಿಮ್ಮನ್ನು ಕಟ್ಟುತ್ತದೆ.

ಕರಾರು ಕಟ್ಟುವುದು ಹೇಗೆಂದರೆ, ಬೆಂಗಳೂರಿನದ್ದೇ ಜಗಳ ಇದೆ. ಓಲಾ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ದಾರಿ ತೋರಿಸಲು ಮ್ಯಾಪ್‌ಮೈಇಂಡಿಯಾ ನಕ್ಷೆಗೆ 2021ರಲ್ಲಿ ಲೈಸೆನ್ಸ್ ಕರಾರಾಗಿತ್ತು. 2024ರ ಜುಲೈನಲ್ಲಿ ಓಲಾ ತನ್ನದೇ ನಕ್ಷೆ ತಂದ ಹೊತ್ತಿಗೆ, ನಮ್ಮ ಡೇಟಾ ನಕಲು ಮಾಡಿ, ಕರಾರು ಮೀರಿ ಅದನ್ನು ಕಟ್ಟಿದ್ದೀರಿ ಎಂದು ಮ್ಯಾಪ್‌ಮೈಇಂಡಿಯಾ ಲೀಗಲ್ ನೋಟಿಸು ಕಳಿಸಿತು. ಆರೋಪ ಸುಳ್ಳು ಎಂದು ಓಲಾ ತಳ್ಳಿಹಾಕಿತು. ಯಾರು ಸರಿ ಎಂದು ಹೇಳಲು ನಾವು ನ್ಯಾಯಾಧೀಶರಲ್ಲ. ನಾವು ನೋಡಬೇಕಾದ್ದು ಜಗಳದ ಗಂಟು ಎಲ್ಲಿದೆ ಎಂಬುದನ್ನು. ಲೈಸೆನ್ಸ್ ಎಂದರೆ ಬಾಡಿಗೆ, ಕ್ರಯವಲ್ಲ. ಬಾಡಿಗೆ ಮನೆಗೆ ಮಹಡಿ ಕಟ್ಟಬಹುದೇ? ಡೇಟಾವನ್ನು ನಿಮ್ಮದರ ಜೊತೆ ಬೆರೆಸಬಹುದೇ, ನಕಲು ಇಟ್ಟುಕೊಳ್ಳಬಹುದೇ, ಎಐ ಯಂತ್ರಕ್ಕೆ ಉಣಿಸಬಹುದೇ, ಅಣ್ಣತಮ್ಮ ಕಂಪನಿಗೆ ಕೊಡಬಹುದೇ? ದೊಡ್ಡ ಕಂಪನಿಗಳಿಗೆ ನೂರು ವಕೀಲರು. ನಿಮಗೆ?

ಒಂದು ಚಿಕ್ಕ ವಿಷಯ ಹೇಳಿ ಮುಂದೆ ಹೋಗುತ್ತೇವೆ. ಕಾಪಿರೈಟ್ ಇರುವ ಡೇಟಾಬೇಸಿನ ಲೈಸೆನ್ಸಿನಲ್ಲಿ ಅವಧಿ ಬರೆಯದಿದ್ದರೆ ಕಾಯಿದೆ ಅದನ್ನು 5 ವರ್ಷ ಎಂದು ಓದುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಓದುತ್ತದೆ. ದುಬೈಗೋ ಸಿಂಗಪುರಕ್ಕೋ ನಿಮ್ಮ ಆ್ಯಪ್ ಮಾರುವ ಕನಸಿದ್ದರೆ ಇದನ್ನು ಮರೆಯಬೇಡಿ.

ಇನ್ನು ಎಐ ಎಂದೆವಲ್ಲ. ಈಗ ಕನ್ನಡಕ್ಕೆ ದಿಢೀರ್ ಬೆಲೆ ಬಂದಿದೆ! ನಮ್ಮ ಮಾತು, ಧಾರವಾಡದ ಮಾತು, ಮಂಗಳೂರಿನ ಮಾತು, ಚಾಮರಾಜನಗರದ ಮಾತು ಎಲ್ಲ ರೆಕಾರ್ಡಾಗಿ ಗಂಟೆ ಲೆಕ್ಕದಲ್ಲಿ ವ್ಯಾಪಾರವಾಗುತ್ತಿದೆ. ಕೊಳ್ಳುವ ಕನ್ನಡದ ಕಂಪನಿಗಳು ಕೇಳಲಿ: ಮಾತಾಡಿದವರಿಗೆ ಕಾಸು ಕೊಟ್ಟರೇ, ಏನಕ್ಕೆ ಬಳಸುತ್ತೇವೆ ಎಂದು ಕನ್ನಡದಲ್ಲೇ ಹೇಳಿದರೇ? ಕನ್ನಡದ ದನಿಯನ್ನು ಇಂಗ್ಲಿಷ್ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಕೊಂಡೊಯ್ಯುವುದು ಎಂಥ ವ್ಯವಹಾರ?

ಕರಾರು ಇಂಗ್ಲಿಷಿನಲ್ಲೇ ಇರಬೇಕೆಂದು ಯಾರು ಹೇಳಿದ್ದು?

1872ರ ಕರಾರು ಕಾಯಿದೆ ಬ್ರಿಟಿಷರು ಮಾಡಿದ್ದು. ಅವರೇ ಕರಾರು ಇಂಗ್ಲಿಷಿನಲ್ಲಿರಬೇಕು ಎಂದು ಬರೆಯಲಿಲ್ಲ! ಬರೆದುಕೊಂಡವರು ನಾವು, ನಮ್ಮ ಗುಲಾಮಿ ಬುದ್ಧಿಯವರು. ಕನ್ನಡದ ಕರಾರೂ ಕರಾರೇ. ಹೊರರಾಜ್ಯದ ವೆಂಡರ್ ಇಂಗ್ಲಿಷ್ ಬೇಕು ಎಂದರೆ ಎರಡೂ ಭಾಷೆಯಲ್ಲಿ ಮಾಡಿ, ವ್ಯತ್ಯಾಸ ಬಂದರೆ ಕನ್ನಡ ಪ್ರತಿಯೇ ಪ್ರಮಾಣ ಎಂದು ಬರೆಸಿ.

ಮೂವತ್ತು ಪುಟದ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ವಿವಾದಗಳು ದಿಲ್ಲಿಯ ನ್ಯಾಯಾಲಯಗಳ ವ್ಯಾಪ್ತಿಗೆ ಒಳಪಟ್ಟಿರುತ್ತವೆ. ಅದು ಬರೀ ಅಲಂಕಾರ ಎಂದುಕೊಳ್ಳಬೇಡಿ. 2013ರಲ್ಲಿ ಜೈಪುರದ ಸ್ವಸ್ತಿಕ್ ಗ್ಯಾಸಸ್ ಎಂಬ ಕಂಪನಿಗೆ ಇಂಡಿಯನ್ ಆಯಿಲ್ ಜೊತೆ ಜಗಳ. ಕರಾರಿನಲ್ಲಿ ಕೋಲ್ಕತ್ತಾ ಎಂದಿತ್ತು, 'ಮಾತ್ರ' ಎಂಬ ಪದವೂ ಇರಲಿಲ್ಲ. ಆದರೂ ಕೋಲ್ಕತ್ತಾಕ್ಕೇ ಹೋಗಿ ಎಂದಿತು ಸುಪ್ರೀಂ ಕೋರ್ಟು. ಹುಬ್ಬಳ್ಳಿಯ ಹುಡುಗ ಎರಡು ಲಕ್ಷದ ಡೇಟಾಕ್ಕೆ ದಿಲ್ಲಿ ಕೋರ್ಟು ಅಲೆಯಬೇಕಾದರೆ ರೈಲು ಚಾರ್ಜಿಗೇ ಎರಡು ಲಕ್ಷ ಮುಗಿಯುತ್ತದೆ. ಅದು ವೆಂಡರಿಗೂ ಗೊತ್ತು. ಹುಬ್ಬಳ್ಳಿ ಎಂದು ತಿದ್ದಿಸಿ. ಮಧ್ಯಸ್ಥಿಕೆ ಇದ್ದರೆ, 1996ರ ಮಧ್ಯಸ್ಥಿಕೆ ಕಾಯಿದೆಯ 20ನೇ ಕಲಮು ಜಾಗವನ್ನು, 22ನೇ ಕಲಮು ಭಾಷೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಎರಡೂ ಕಡೆಯವರಿಗೆ ಕೊಟ್ಟಿದೆ. 'ಮಧ್ಯಸ್ಥಿಕೆಯ ಭಾಷೆ ಕನ್ನಡ' ಎಂದು ಬರೆಯಲು ಯಾವ ಅಡ್ಡಿಯೂ ಇಲ್ಲ. ಕಾಯಿದೆ ಬಂದು ಇಷ್ಟು ವರ್ಷವಾದರೂ ಆ ಮೂರು ಪದ ಬರೆಸಲು ನಮ್ಮವರಿಗೆ ನಾಲಿಗೆ ಏಳುತ್ತಿಲ್ಲ!

ಮತ್ತೊಂದು ಕುತಂತ್ರ. ಡೇಟಾ ತಪ್ಪಿದ್ದರೆ, ಕದ್ದದ್ದಾದರೆ, ವೆಂಡರ್ ಕೊಡುವ ಪರಿಹಾರ ನೀವು ಕಟ್ಟಿದ ಶುಲ್ಕಕ್ಕಿಂತ ಹೆಚ್ಚಿರದು ಎಂಬ ಸಾಲು. ಡೇಟಾ 'ಇದ್ದದ್ದು ಇದ್ದಂತೆ' ಕೊಡಲಾಗಿದೆ ಎಂಬ ಇನ್ನೊಂದು ಸಾಲು. ಅದೇ ಪುಟದಲ್ಲಿ, ನಿಮ್ಮಿಂದ ವೆಂಡರಿಗೆ ತೊಂದರೆಯಾದರೆ ನೀವು ಮಿತಿಯಿಲ್ಲದೆ ತುಂಬಿಕೊಡಬೇಕು ಎಂಬ ಮೂರನೇ ಸಾಲು. ಇದು ವ್ಯಾಪಾರವೋ ಜೀತವೋ? ದಂಡ ಬೀಳುವುದು ನಿಮ್ಮ ಮೇಲೆ ಎಂದು ಆಗಲೇ ಹೇಳಿದೆವು. ಆಮೇಲೆ ನಷ್ಟವನ್ನು ಅವನಿಂದ ವಸೂಲು ಮಾಡಲು ಕರಾರಿನ ಬರಹ ಬಿಟ್ಟರೆ ನಿಮಗೆ ಬೇರೆ ಗತಿಯಿಲ್ಲ.

ಎಲ್ಲ ವೆಂಡರುಗಳೂ ಕಳ್ಳರಲ್ಲ. ಒಪ್ಪಿಗೆಯ ದಾಖಲೆ ಇಟ್ಟು, ಕೇಳಿದರೆ ತೋರಿಸುವವರೂ ಇದ್ದಾರೆ. ನಮ್ಮ ಕೋಪ ಅವರ ಮೇಲಲ್ಲ. ಕೋಪ ಇರುವುದು ನಮ್ಮವರ ಮೇಲೂ. ನವೆಂಬರ್ ಒಂದರಂದು ಆಫೀಸಿನಲ್ಲಿ ಹಳದಿ ಕೆಂಪು ಶಾಲು ಹಾಕಿ ಫೋಟೋ ತೆಗೆಸಿಕೊಳ್ಳುವ ಕನ್ನಡದ ಮಾಲೀಕರೇ, ನಿಮ್ಮದೇ ಆ್ಯಪಿನ ಒಪ್ಪಿಗೆ ಪುಟ ಯಾವ ಭಾಷೆಯಲ್ಲಿದೆ? ನಿಮ್ಮ ಗಿರಾಕಿಗೆ ಕನ್ನಡದ ಗುಂಡಿ ಕೊಡದ ನೀವು ಗುರುಗ್ರಾಮದವನನ್ನು ಯಾವ ಬಾಯಲ್ಲಿ ಕೇಳುತ್ತೀರಿ?

ವಕೀಲರ ಬಳಿ ಹೋಗುವಾಗ ಈ ಪ್ಯಾರಾ ಕತ್ತರಿಸಿ ಕೊಂಡೊಯ್ಯಿರಿ, ಕರಾರಿಗೆ ಸೇರಿಸಲು ಹೇಳಿ: 'ಈ ಡೇಟಾದಲ್ಲಿರುವ ಪ್ರತಿ ವ್ಯಕ್ತಿಗೂ ನೋಟಿಸನ್ನು ಕನ್ನಡದಲ್ಲಿ ಓದುವ ಆಯ್ಕೆ ಕೊಟ್ಟು, ಈ ಕರಾರಿನಲ್ಲಿ ಹೇಳಿದ ಉದ್ದೇಶಕ್ಕೇ ಒಪ್ಪಿಗೆ ಪಡೆಯಲಾಗಿದೆ. ಆ ನೋಟಿಸಿನ ಪ್ರತಿ ಮತ್ತು ಒಪ್ಪಿಗೆಯ ದಾಖಲೆಯನ್ನು ಅನುಬಂಧವಾಗಿ ಲಗತ್ತಿಸಿದೆ. ಯಾರೇ ಒಪ್ಪಿಗೆ ಹಿಂತೆಗೆದುಕೊಂಡರೆ ಮಾರುವವರು ಕೂಡಲೇ ಕೊಳ್ಳುವವರಿಗೆ ತಿಳಿಸತಕ್ಕದ್ದು. ಇದರಲ್ಲಿ ಯಾವುದು ಸುಳ್ಳಾದರೂ ಕೊಳ್ಳುವವರಿಗಾಗುವ ನಷ್ಟ, ಖರ್ಚು ಎಲ್ಲವನ್ನೂ ಮಾರುವವರೇ ಭರಿಸತಕ್ಕದ್ದು. ಶುಲ್ಕದ ಮಿತಿ ಇದಕ್ಕೆ ಅನ್ವಯಿಸತಕ್ಕದ್ದಲ್ಲ.' ಅನುಬಂಧದ ಹಾಳೆ ಖಾಲಿ ಬಂದರೆ ಕರಾರನ್ನು ಸಹಿ ಹಾಕದೆ ವಾಪಸು ಕಳಿಸಿ, ಮುಂಗಡ ಕೊಟ್ಟಿದ್ದರೆ ಲಿಖಿತವಾಗಿ ವಾಪಸು ಕೇಳಿ. ಆ ಪತ್ರವೂ ಕನ್ನಡದಲ್ಲೇ ಇರಲಿ!